ದುರ್ಲೋಕದ ಕಾದಂಬರಿಯಲ್ಲಿ ವೀರಯಾತ್ರೆ: ಬರೆಯಹೊರಟವರಿಗೆ ಕೆಲವು ಸೂಚನೆಗಳು

ನಾಯಕನು ತನ್ನ ಪರಿಚಿತ ಲೋಕವನ್ನು ತೊರೆದು ಹೊರಡುವುದು, ಪರೀಕ್ಷೆಗಳ ಮೂಲಕ ದೀಕ್ಷೆ ಪಡೆಯುವುದು, ಲಬ್ಧವಾದ ವರದೊಡನೆ ಹಿಂದಿರುಗುವುದು ಎಂಬ ತ್ರಿವಿಧ ವಿನ್ಯಾಸವನ್ನು ನಾನಾ ದೇಶಗಳ ಪುರಾಣಗಳಿಂದ ಶೋಧಿಸಿ ಜೋಸೆಫ್ ಕ್ಯಾಂಪ್‌ಬೆಲ್ಲರು ಗ್ರಂಥರೂಪದಲ್ಲಿ ನಿರೂಪಿಸಿದ್ದು 1949ರಲ್ಲಿ. ಆ ವಿನ್ಯಾಸದೊಡನೆ ಬಹುದೂರ ಹೊಂದಿ ನಡೆದು ಕೊನೆಗೆ ಅದನ್ನು ತಲೆಕೆಳಗು ಮಾಡುವ ಜಾರ್ಜ್ ಆರ್ವೆಲ್ಲರ '1984' ಪ್ರಕಟವಾದದ್ದೂ ಅದೇ ವರ್ಷ. ದುಃಸ್ವಪ್ನಸದೃಶವಾದ ಪ್ರಭುತ್ವವನ್ನು ಚಿತ್ರಿಸುವ, ಡಿಸ್ಟೋಪಿಯನ್ ಎನಿಸಿಕೊಂಡ ಕಾದಂಬರಿಗೆ ಕೈಹಾಕುವವರು ಈ ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಲೇಸು.

ಮೊದಲು ನಿಶ್ಚಯಿಸತಕ್ಕದ್ದು ಪ್ರತ್ಯಾಗಮನ. ಪುರಾಣದ ವೀರನು ತರುವ ವರಕ್ಕಾಗಿ ಊರು ಕಾದಿರುತ್ತದೆ. ದುರ್ಲೋಕದಲ್ಲಾದರೋ, ತಂದವನನ್ನೇ ಅಳಿಸಿಹಾಕುವ ಏರ್ಪಾಡನ್ನು ಊರು ಮಾಡಿಕೊಂಡಿರುತ್ತದೆ. ಆದುದರಿಂದ ನಿಮ್ಮ ನಾಯಕನು ಆರ್ವೆಲ್ಲರ ವಿನ್‌ಸ್ಟನ್ ಸ್ಮಿತ್‌ನಂತೆ ಮುರಿದವನಾಗಿ ಮರಳುವನೋ, ರೇ ಬ್ರ್ಯಾಡ್‌ಬರಿಯವರ 'ಫ್ಯಾರನ್‌ಹೀಟ್ 451'ರ (1953) ಮೊಂಟಾಗ್‌ನಂತೆ ಗ್ರಂಥವನ್ನು ಸ್ಮೃತಿಯಲ್ಲಿ ಹೊತ್ತು ನಾಶವಾದ ನಗರದತ್ತ ನಡೆಯುವನೋ ಎಂಬುದು ತೀರ್ಮಾನವಾಗದೆ ಮಿಕ್ಕ ಘಟ್ಟಗಳು ಕೂಡಿಬರಲಾರವು. ಕ್ರಿಸ್ಟೋಫರ್ ವೋಗ್ಲರರು ಈ ಯಾತ್ರೆಯನ್ನು 12 ಘಟ್ಟಗಳಿಗೆ ಇಳಿಸಿದ್ದಾರೆಂದು ಘಟ್ಟಕ್ಕೊಂದು ಅಧ್ಯಾಯದಂತೆ ಹಂಚುತ್ತ ಕೂರುವುದು ಗುಮಾಸ್ತಗಿರಿಯಾದೀತೇ ಹೊರತು ಕಾದಂಬರಿಯಾಗದು.

ಬಳಿಕ ನಿತ್ಯಲೋಕ. ಪ್ರಭುತ್ವದ ಇತಿಹಾಸವನ್ನು ವಿವರಿಸದೆ, 30 ಗ್ರಾಮಿನಿಂದ 20ಕ್ಕೆ ಇಳಿದ ಚಾಕೊಲೇಟ್ ಪಡಿತರವನ್ನು 20ಕ್ಕೆ ಏರಿಸಲಾಯಿತೆಂದು ಸಾರಿ ಜನರಿಂದ ಕೃತಜ್ಞತೆಯನ್ನು ಪಡೆಯುವಂಥ ಒಂದು ಪ್ರಸಂಗವನ್ನು ಕಲ್ಪಿಸಿರಿ. ನಾಯಕನನ್ನು ಆ ಲೋಕದಿಂದ ಹೊರಡಿಸುವ ಕರೆ ಅಲ್ಪವಾಗಿದ್ದರೆ ಸಾಕು: ದಿನಚರಿಯ ಒಂದು ಪುಟ, ನೆರೆಮನೆಯ ಹುಡುಗಿಯ ಒಂದು ಪ್ರಶ್ನೆ.

ಹೆಚ್ಚಿನ ಶ್ರಮವೆಲ್ಲ ಸಲ್ಲಬೇಕಾದದ್ದು ಗುರುವಿನ ಪಾತ್ರಕ್ಕೆ. ವಿನ್‌ಸ್ಟನ್‌ಗೆ ನಿಷಿದ್ಧ ಗ್ರಂಥವನ್ನು ದೊರಕಿಸಿಕೊಟ್ಟ ಓಬ್ರಿಯನ್ನನೇ ಮುಂದೆ ಅವನನ್ನು ಹಿಂಸಿಸುವವನು. ಗ್ರಂಥದ ರಚನೆಯಲ್ಲಿ ತಾನೂ ಪಾಲುಗಾರನೆಂದು ಹೇಳಿಕೊಳ್ಳುವವನೂ ಅವನೇ. ಪ್ರಭುತ್ವವು ದಂಗೆಯನ್ನು ಸಹ ತಾನೇ ಒದಗಿಸಿಕೊಡಬಲ್ಲುದೆಂಬ ಈ ಅರಿವಿಗಿಂತ ಘೋರವಾದ ರಾಕ್ಷಸನನ್ನು ನಾನು ಪುರಾಣಗಳಲ್ಲಿ ಕಂಡಿಲ್ಲ. ಇಂಥ ಗುರುವಿನ ಸಂಭಾಷಣೆಯನ್ನು ಬರೆವಾಗ ಪ್ರತಿಯೊಂದು ಮಾತೂ ಮೊದಲ ಓದಿಗೆ ಅಭಯವಾಗಿಯೂ ಎರಡನೆಯ ಓದಿಗೆ ಬಲೆಯಾಗಿಯೂ ತೋರುವಂತೆ ತಿದ್ದಬೇಕು.

ಮಹಾಪರೀಕ್ಷೆಯ ಬೀಜವನ್ನು ಬಹು ಮುಂಚೆಯೇ ಬಿತ್ತಿರಬೇಕು. ಚಿತ್ರಹಿಂಸೆಯ 101ನೆಯ ಕೋಣೆಯಲ್ಲಿ ವಿನ್‌ಸ್ಟನ್‌ನನ್ನು ಕೆಡಹುವ ಇಲಿಯ ಭಯವು, ಅವನು ಪ್ರೇಯಸಿ ಜೂಲಿಯಾಳೊಡನೆ ಸುಖದಿಂದಿದ್ದ ಬಾಡಿಗೆಯ ಕೋಣೆಯಲ್ಲಿಯೇ ಒಮ್ಮೆ ಇಣುಕಿಹೋಗಿರುತ್ತದೆ.

ನಾಯಕನು ಸೋತಮಾತ್ರಕ್ಕೆ ವರವೂ ನಷ್ಟವಾಗಬೇಕೆಂಬ ನಿಯಮವಿಲ್ಲ. '1984'ರ ಕೊನೆಯಲ್ಲಿ ಪ್ರಭುತ್ವದ ಕೃತಕ ಭಾಷೆಯನ್ನು ಕುರಿತ ಅನುಬಂಧವು ಭೂತಕಾಲದಲ್ಲಿ ರಚಿತವಾಗಿರುವುದರಿಂದ, ಆ ಪ್ರಭುತ್ವವು ಎಂದೋ ಅಳಿದಿರಬೇಕೆಂದು ಊಹಿಸುವ ಓದುಗರಿದ್ದಾರೆ. ನೀವೂ ಅಂಥದೊಂದು ಕಿಂಡಿಯನ್ನು ತೆರೆದಿಡುವುದಾದರೆ ನಾಯಕನ ಬಾಯಿಂದ ಅದನ್ನು ನುಡಿಸದೆ, ಅವನಿಗೆ ತಿಳಿಯದ ಯಾವುದಾದರೊಂದು ಕಾಗದಪತ್ರದಲ್ಲೋ ಮುಂದಿನ ಕಾಲದವರ ಟಿಪ್ಪಣಿಯಲ್ಲೋ ಇರಿಸಿರಿ.