ಸೇನಾಠಾಣೆಯಿಂದ ರಾಷ್ಟ್ರೀಯ ಉದ್ಯಾನ: ಜಮಾ–ಖರ್ಚಿನ ಮೂಲಕ ಒಂದು ಪಾಠ

ತರಗತಿ: 9. ಅವಧಿ: 40 ನಿಮಿಷ. ಪರಿಕಲ್ಪನೆ: ಸ್ವಾವಲಂಬನೆ, ಪರಿಸರ ಪುನಶ್ಚೇತನ.

ಬೋಧನಾಭ್ಯಾಸಕ್ಕೆಂದು ಹೋಗಿದ್ದ ಕಮಲಾಪುರದ ಪ್ರೌಢಶಾಲೆಯಲ್ಲಿ ಈ ಪಾಠ ಮಾಡಿದೆ. 'ಸ್ವಾವಲಂಬಿ' ಪದಕ್ಕೆ ವ್ಯಾಖ್ಯೆ ಬರೆಸಲಿಲ್ಲ. ಆ ಊರಿನ ಕೆಂಪು ಬಾಳೆ ತೋಟವನ್ನೇ ಉದಾಹರಣೆಗೆ ತೆಗೆದುಕೊಂಡೆ. ಗೊನೆ ಮಾರಿದ ದುಡ್ಡಿನಲ್ಲಿ ಗೊಬ್ಬರ, ನೀರು, ಕೂಲಿ, ಮುಂದಿನ ಬೆಳೆಯ ಖರ್ಚು ನೀಗಿದರೆ ತೋಟ ಸ್ವಾವಲಂಬಿ. ಖರ್ಚಿನ ಪಟ್ಟಿಯನ್ನು ಮಕ್ಕಳು ನನಗಿಂತ ಚೆನ್ನಾಗಿ ಹೇಳಿದರು.

ಆಮೇಲೆ ಭೂಪಟದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತೋರಿಸಿದೆ. ಅಲ್ಲಿನ ಪ್ರೆಸಿಡಿಯೊ 1776ರಲ್ಲಿ ಸ್ಪೇನಿನವರು ಕಟ್ಟಿದ ಸೇನಾಠಾಣೆ. ಮುಂದೆ ಅದು ಮೆಕ್ಸಿಕೊದ ಕೈಗೆ, ಬಳಿಕ ಅಮೆರಿಕದ ಸೇನೆಗೆ ಬಂತು. 1994ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಹಸ್ತಾಂತರವಾಯಿತು. ನೂರಾರು ಹಳೆಯ ಕಟ್ಟಡಗಳನ್ನು ಕಾಪಾಡಲು ಹಣ ಎಲ್ಲಿಂದ? 1996ರಲ್ಲಿ ಅಮೆರಿಕದ ಸಂಸತ್ತು ಪ್ರೆಸಿಡಿಯೊ ಟ್ರಸ್ಟ್ ರಚಿಸಿ ಷರತ್ತು ಹಾಕಿತು: 2013ರೊಳಗೆ ಸರ್ಕಾರದ ವಾರ್ಷಿಕ ಅನುದಾನವಿಲ್ಲದೆ ನಡೆಯಬೇಕು, ಇಲ್ಲದಿದ್ದರೆ ಜಾಗ ವಿಲೇವಾರಿಗೆ ಹೋಗುತ್ತದೆ. ಟ್ರಸ್ಟ್ ಸೈನಿಕರ ಕಟ್ಟಡಗಳನ್ನು ದುರಸ್ತಿ ಮಾಡಿಸಿ ಮನೆ, ಕಚೇರಿ, ಹೋಟೆಲುಗಳಿಗೆ ಬಾಡಿಗೆ ಕೊಟ್ಟಿತು. ಗಡುವಿನೊಳಗೆ ಗುರಿ ಮುಟ್ಟಿತು.

ಇಲ್ಲಿಗೆ ನಿಲ್ಲಿಸಿದರೆ ಅದು ಬರೀ ಯಶಸ್ಸಿನ ಕಥೆ. ಜಮಾ ಕಡೆ ಇನ್ನೆರಡು ಬಾಬುಗಳಿವೆ. ಕಡಲಂಚಿನ ಕ್ರಿಸಿ ಫೀಲ್ಡಿನಲ್ಲಿ ಜೌಗುನೆಲವನ್ನು ತುಂಬಿದ ಜಾಗದಲ್ಲಿ ಸೇನೆಯ ವಿಮಾನ ಮೈದಾನವಿತ್ತು. 2001ರ ಹೊತ್ತಿಗೆ ಮಣ್ಣು ತೆಗೆದು ಉಬ್ಬರವಿಳಿತದ ನೀರನ್ನು ಮತ್ತೆ ಒಳಬಿಟ್ಟರು, ಹಕ್ಕಿಗಳು ಬಂದವು. (ಜೀವಶಾಸ್ತ್ರದವಳಾದ ನಾನು ಇಲ್ಲಿ ಐದು ನಿಮಿಷ ಹೆಚ್ಚೇ ತೆಗೆದುಕೊಂಡೆ.) ಆ ಕೆಲಸಕ್ಕೆ ಬಹುಪಾಲು ಹಣ ಕೊಟ್ಟವರು ದಾನಿಗಳು, ಬಾಡಿಗೆದಾರರಲ್ಲ. 2022ರಲ್ಲಿ ಹಳೆಯ ಮೂಲಸೌಕರ್ಯದ ದುರಸ್ತಿಗೆ ಸರ್ಕಾರವೇ 20 ಕೋಟಿ ಡಾಲರ್ ಕೊಟ್ಟಿತು. "ಹಂಗಾದ್ರ ಅದು ಸ್ವಾವಲಂಬಿ ಹೆಂಗಾತ್ರಿ ಮೇಡಂ?" ಎಂದು ಒಬ್ಬ ಕೇಳಿದ. ದಿನನಿತ್ಯದ ಖರ್ಚು ಬೇರೆ, ದೊಡ್ಡ ದುರಸ್ತಿ ಬೇರೆ ಎಂದು ಹಲಗೆಯ ಮೇಲೆ ಎರಡು ಸಾಲು ಮಾಡಿದೆವು.

ಗುಂಪು ಚಟುವಟಿಕೆಗೆ ಕಲಬುರಗಿ ಕೋಟೆ ಕೊಟ್ಟೆ. 1347ರಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾದಾಗ ರಾಜಧಾನಿಯಾದ ಊರು ಅದು. ಕೋಟೆಯಲ್ಲಿ 1367ರ ಜಾಮಿ ಮಸೀದಿ, ಬುರುಜಿನ ಮೇಲೆ ಉದ್ದನೆಯ ತೋಪು, ಸುತ್ತ ಕಂದಕ. ರಕ್ಷಣೆ ಭಾರತೀಯ ಪುರಾತತ್ವ ಇಲಾಖೆಯದು. ಮಕ್ಕಳು ಟಿಕೆಟ್, ದೋಣಿ, ಕ್ಯಾಂಟೀನ್ ಎಂದು ಜಮಾ ಬರೆಯುತ್ತಾ ಹೋದರು. ಆಗ ಹಿಂದಿನ ಬೆಂಚಿನ ಹುಡುಗಿ, "ಕ್ವಾಟಿ ಒಳಗ ಮನಿ ಮಾಡ್ಕೊಂಡವರು ಅದಾರಲ್ರಿ, ಅವರ್ನ ಯಾವ ಕಡೆ ಬರೀಬೇಕ್ರಿ?" ಎಂದಳು.

ಜಮಾ, ಖರ್ಚು ಎರಡರಲ್ಲೂ ಆ ಪ್ರಶ್ನೆಗೆ ಜಾಗವಿರಲಿಲ್ಲ. 'ಯಾರು ಇರಬೇಕು, ಯಾರು ಏಳಬೇಕು?' ಎಂದು ಮೂರನೆಯ ಕಾಲಂ ಎಳೆದೆವು. ಈ ಪಾಠ ಮಾಡುವ ಸಹಪಾಠಿಗಳು ಎರಡು ಅವಧಿ ಇಟ್ಟುಕೊಳ್ಳಿ. ಎರಡನೆಯದನ್ನು ಈ ಕಾಲಂನಿಂದಲೇ ಶುರುಮಾಡಿ.