ಉಜ್ಬೇಕ್ ಭಾಷೆ ಮತ್ತು ಬೀದರ ನಾಡು

ಬೀದರ ನಗರದ ಮಹಮೂದ್ ಗವಾನನ ಮದರಸಾ ೧೪೭೨ರಲ್ಲಿ ಪೂರ್ಣಗೊಂಡಿತು. ನಡುವೆ ವಿಶಾಲವಾದ ಅಂಗಳ, ನಾಲ್ಕು ದಿಕ್ಕಿಗೂ ಎತ್ತರದ ಕಮಾನುಗಳು, ಬಣ್ಣದ ಮೆರುಗುಹಂಚುಗಳ ಅಲಂಕಾರ, ಮುಂಭಾಗದ ಮೂಲೆಯಲ್ಲಿ ಮಿನಾರು, ಇವೆಲ್ಲ ಸಮರ್ಕಂದ ಮತ್ತು ಹೆರಾತ ನಗರಗಳ ತೈಮೂರಿ ಶೈಲಿಯನ್ನು ನೆನಪಿಸುತ್ತವೆ. ಮೈಲೂರಿನಿಂದಲೋ ಭಾಲ್ಕಿ, ಔರಾದಗಳಿಂದಲೋ ಬಂದು ಅದನ್ನು ನೋಡುವ ವಿದ್ಯಾರ್ಥಿಗೆ ಕಲ್ಲು ಹಂಚುಗಳ ಈ ಸಂಬಂಧವು ಕಣ್ಣಿಗೆ ಕಾಣುತ್ತದೆ. ನುಡಿಯ ಸಂಬಂಧವು ಕಾಣುವುದಿಲ್ಲ. ಸಮರ್ಕಂದವು ಇಂದು ಉಜ್ಬೇಕಿಸ್ತಾನದಲ್ಲಿದೆ. ಆ ನಾಡಿನ ಭಾಷೆಯ ಚರಿತ್ರೆಯು ಬೀದರದವರಿಗೆ ಅಷ್ಟೇನೂ ದೂರದ ವಿಷಯವಲ್ಲ.

ಉಜ್ಬೇಕ್ ಭಾಷೆಯು ತುರ್ಕಿ ಭಾಷಾವರ್ಗಕ್ಕೆ ಸೇರಿದುದು. ಮೂರು ಕೋಟಿಗೂ ಮಿಕ್ಕ ಜನರು ಅದನ್ನಾಡುತ್ತಾರೆ. ಅದರ ಸಾಹಿತ್ಯಿಕ ಪೂರ್ವರೂಪಕ್ಕೆ ಚಗತಾಯಿ ಎಂದು ಹೆಸರು. ಹದಿನೈದನೆಯ ಶತಮಾನದಲ್ಲಿ ಮಧ್ಯ ಏಷ್ಯದ ಆಸ್ಥಾನಗಳಲ್ಲಿ ಕಾವ್ಯಕ್ಕೂ ಶಾಸ್ತ್ರಕ್ಕೂ ಫಾರಸಿಯೇ ತಕ್ಕ ಭಾಷೆಯೆಂಬ ಭಾವನೆ ಬಲವಾಗಿತ್ತು. ಹೆರಾತದ ಅಲಿಶೇರ್ ನವಾಯಿ (೧೪೪೧–೧೫೦೧) ಎಂಬ ಕವಿಯು ಇದನ್ನು ಒಪ್ಪಲಿಲ್ಲ. ಫಾರಸಿಯಲ್ಲೂ ಪಂಡಿತನಾಗಿದ್ದ ಆತನು ತಾಯ್ನುಡಿಯಲ್ಲಿಯೇ ಮಹಾಕಾವ್ಯಗಳನ್ನು ರಚಿಸಿದನು. ೧೪೯೯ರಲ್ಲಿ ಎರಡೂ ಭಾಷೆಗಳನ್ನು ತೂಗಿನೋಡುವ ಗ್ರಂಥವೊಂದನ್ನು ಬರೆದು, ಫಾರಸಿಯಲ್ಲಿ ಒಂದೇ ಮಾತಿಗೆ ಸಿಕ್ಕದ ಅನೇಕ ಸೂಕ್ಷ್ಮಾರ್ಥದ ಕ್ರಿಯಾಪದಗಳು ತನ್ನ ನುಡಿಯಲ್ಲಿವೆಯೆಂದು ಪಟ್ಟಿಮಾಡಿ ತೋರಿಸಿದನು.

ಈ ನವಾಯಿಯ ಗುರುವೂ ಮಿತ್ರನೂ ಆಗಿದ್ದವನು ಪ್ರಸಿದ್ಧ ಫಾರಸಿ ಕವಿ ಜಾಮಿ. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಗವಾನನು ಬೀದರದಿಂದ ಪತ್ರ ಬರೆದುದು ಇದೇ ಜಾಮಿಗೆ. ಹೀಗೆ ಹೆರಾತದ ವಿದ್ವದ್ವಲಯಕ್ಕೂ ಬೀದರಕ್ಕೂ ಪತ್ರವ್ಯವಹಾರವಿತ್ತು. ಮುಂದೆ ಅಂದಿಜಾನದಲ್ಲಿ ಹುಟ್ಟಿದ ಬಾಬರನು ತನ್ನ ಆತ್ಮಚರಿತ್ರೆಯನ್ನು ಚಗತಾಯಿಯಲ್ಲಿಯೇ ಬರೆದನು. ಹಿಂದೂಸ್ಥಾನದ ಅರಸರನ್ನು ಎಣಿಸುವಾಗ ಅವನು ದಕ್ಷಿಣದ ಬಹಮನಿಗಳನ್ನೂ ವಿಜಯನಗರದ ಅರಸನನ್ನೂ ಹೆಸರಿಸಿರುವುದು ಗಮನಾರ್ಹವಾಗಿದೆ.

ಕನ್ನಡವು ದ್ರಾವಿಡ ವರ್ಗಕ್ಕೆ ಸೇರಿದುದರಿಂದ ಇವೆರಡು ಒಂದೇ ಕುಲದ ಭಾಷೆಗಳಲ್ಲ. ಆದರೂ ರಚನೆಯಲ್ಲಿ ಹೋಲಿಕೆಯಿದೆ. ಎರಡರಲ್ಲಿಯೂ ಪ್ರಕೃತಿಗೆ ಪ್ರತ್ಯಯಗಳು ಒಂದರ ಹಿಂದೊಂದು ಸೇರುತ್ತವೆ. ಕ್ರಿಯಾಪದವು ವಾಕ್ಯದ ಕೊನೆಗೆ ಬರುತ್ತದೆ. ‘ಮಕ್ತಬ್’ ಎಂದರೆ ಶಾಲೆ, ‘ಮಕ್ತಬ್‌ಲರ್’ ಎಂದರೆ ಶಾಲೆಗಳು, ‘ಮಕ್ತಬ್‌ಲರ್‌ದಾ’ ಎಂದರೆ ಶಾಲೆಗಳಲ್ಲಿ. ಅಣ್ಣ ತಮ್ಮ, ಅಕ್ಕ ತಂಗಿ ಎಂದು ಕನ್ನಡವು ಹಿರಿಕಿರಿತನವನ್ನು ಬೇರೆ ಬೇರೆ ಶಬ್ದಗಳಿಂದ ಗುರುತಿಸುವಂತೆ ಉಜ್ಬೇಕ್ ಕೂಡ ಗುರುತಿಸುತ್ತದೆ. ಅಲ್ಲಿ ‘ಅಕಾ’ ಎಂದರೆ ಅಣ್ಣ, ‘ಉಕಾ’ ಎಂದರೆ ತಮ್ಮ. ‘ಅಕಾ’ ಮತ್ತು ‘ಅಕ್ಕ’ ಧ್ವನಿಯಲ್ಲಿ ಹತ್ತಿರವಾದರೂ ಅರ್ಥದಲ್ಲಿ ಬೇರೆ. ಶಬ್ದಸಾಮ್ಯವೊಂದರಿಂದಲೇ ಸಂಬಂಧವನ್ನು ಊಹಿಸಬಾರದೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಎರವಲು ಶಬ್ದಗಳ ಮಾತು ಬೇರೆ. ಫಾರಸಿ ಉರ್ದುಗಳ ಮೂಲಕ ಕೆಲವು ತುರ್ಕಿ ಪದಗಳು ಕನ್ನಡಕ್ಕೆ ಬಂದು ನೆಲೆಸಿವೆ. ನೆರವಿನ ಅರ್ಥದ ‘ಕುಮ್ಮಕ್ಕು’, ಕಿಡಿ ಹಾರಿಸುವ ‘ಚಕಮಕಿ’, ಫಿರಂಗಿಯ ಅರ್ಥದ ‘ತೋಪು’ ಇಂಥವು. ಸೈನ್ಯದ ಬೀಡು ಎಂಬರ್ಥದ ತುರ್ಕಿ ಪದದಿಂದಲೇ ‘ಉರ್ದು’ ಎಂಬ ಹೆಸರೂ ಬಂದಿದೆ. ಬಜಾರು, ಶಹರ, ದೋಸ್ತ, ದುನಿಯಾ ಮೊದಲಾದ ಅರಬಿ ಫಾರಸಿ ಮೂಲದ ಶಬ್ದಗಳು ತಾಷ್ಕೆಂಟಿನ ಪೇಟೆಯಲ್ಲಿಯೂ ಬೀದರದ ಪೇಟೆಯಲ್ಲಿಯೂ ಅಲ್ಪಸ್ವಲ್ಪ ಉಚ್ಚಾರಭೇದದಿಂದ ಕೇಳಿಬರುತ್ತವೆ.

ಉಜ್ಬೇಕ್ ಭಾಷೆಗೆ ಇಪ್ಪತ್ತನೆಯ ಶತಮಾನವು ಕಠಿಣ ಪರೀಕ್ಷೆಯ ಕಾಲವಾಯಿತು. ಶತಮಾನಗಳಿಂದ ಬಳಸಿದ ಅರಬಿ ಲಿಪಿಯನ್ನು ೧೯೨೦ರ ದಶಕದ ಕೊನೆಯಲ್ಲಿ ಬಿಡಿಸಿ ಲ್ಯಾಟಿನ್ ಲಿಪಿಯನ್ನು ತಂದರು. ೧೯೪೦ರಲ್ಲಿ ಅದರ ಸ್ಥಾನಕ್ಕೆ ರಷ್ಯನ್ ಭಾಷೆಯ ಸಿರಿಲಿಕ್ ಲಿಪಿ ಬಂದಿತು. ೧೯೯೧ರಲ್ಲಿ ದೇಶವು ಸ್ವತಂತ್ರವಾದ ಬಳಿಕ, ೧೯೯೩ರಲ್ಲಿ ಮತ್ತೆ ಲ್ಯಾಟಿನ್ ಲಿಪಿಗೆ ಮರಳುವ ಶಾಸನವಾಯಿತು. ಅಜ್ಜನು ಬರೆದ ಓಲೆಯನ್ನು ಮೊಮ್ಮಗನು ಓದಲಾರದ ಸ್ಥಿತಿ ಮನೆಮನೆಗಳಲ್ಲಿ ಉಂಟಾಯಿತು. ನವಾಯಿಯ ಕಾವ್ಯವನ್ನು ಹೊಸ ಹೊಸ ಲಿಪಿಗಳಲ್ಲಿ ಮತ್ತೆ ಅಚ್ಚುಹಾಕಬೇಕಾಯಿತು. ಆದರೂ ಭಾಷೆ ಅಳಿಯಲಿಲ್ಲ. ಶಾಲೆಯಲ್ಲಿ ಅದರ ಪಾಠವೂ ಮನೆಯಲ್ಲಿ ಅದರ ಮಾತೂ ನಿಲ್ಲದೆ ನಡೆದುದೇ ಇದಕ್ಕೆ ಮುಖ್ಯ ಕಾರಣ. ೧೯೮೯ರಲ್ಲಿ ಅದು ರಾಜ್ಯಭಾಷೆಯೆಂಬ ಮನ್ನಣೆಯನ್ನೂ ಪಡೆಯಿತು.

ಬೀದರ ಸೀಮೆಗೆ ಈ ಪಾಠವು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಅನುಭಾವವನ್ನು ಜನರಾಡುವ ನುಡಿಯಲ್ಲಿ ಹೇಳಿದರು. ನಿಜಾಮರ ಆಳ್ವಿಕೆಯಲ್ಲಿ ಉರ್ದುವೇ ಆಡಳಿತದ ಮತ್ತು ಶಿಕ್ಷಣದ ಭಾಷೆಯಾಗಿದ್ದಾಗ ಭಾಲ್ಕಿ ಹಿರೇಮಠದ ಪೂಜ್ಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ಹಾಕಿಸಿ ಒಳಗೆ ಕನ್ನಡವನ್ನು ಕಲಿಸಿದ ಸಂಗತಿ ಸರ್ವವಿದಿತ. ಉರ್ದುವಿನ ಮೇಲಣ ದ್ವೇಷ ಅಲ್ಲಿರಲಿಲ್ಲ. ಮಗುವಿಗೆ ತನ್ನ ನುಡಿಯು ತಪ್ಪಬಾರದೆಂಬ ಕಳಕಳಿಯಿತ್ತು. ನವಾಯಿಯೂ ಫಾರಸಿಯನ್ನು ತೊರೆಯಲಿಲ್ಲ. ಅದರಲ್ಲಿಯೂ ಕಾವ್ಯ ಬರೆದನು.

ಪರಭಾಷೆಗಳನ್ನು ಆದರದಿಂದ ಕಲಿಯುವುದು, ತಾಯ್ನುಡಿಯನ್ನು ಹಿಂದೆ ಬಿಡದಿರುವುದು, ಇವೆರಡೂ ಕೂಡಿಯೇ ನಡೆಯಬಹುದೆಂಬುದನ್ನು ಹೆರಾತವೂ ಭಾಲ್ಕಿಯೂ ಬೇರೆ ಬೇರೆ ಕಾಲದಲ್ಲಿ ತೋರಿಸಿಕೊಟ್ಟಿವೆ. ಇಂಗ್ಲಿಷ್ ಕಲಿಕೆಯ ಒತ್ತಡವು ಹಳ್ಳಿಯ ಶಾಲೆಯನ್ನೂ ತಲುಪಿರುವ ಇಂದಿನ ದಿನಗಳಲ್ಲಿ ಗುರುಗಳೂ ಪಾಲಕರೂ ಶಾಲೆಗಳನ್ನು ಪೋಷಿಸುವ ದಾನಿಗಳೂ ಮನನ ಮಾಡಬೇಕಾದ ಮಾತಿದು. ಮಗುವು ಕನ್ನಡದಲ್ಲಿ ತಪ್ಪಿಲ್ಲದೆ ಓದಿ, ತನ್ನ ಯೋಚನೆಯನ್ನು ಸ್ವತಃ ಬರೆಯಬಲ್ಲಂತೆ ಮಾಡುವುದೇ ಆ ಕಾರ್ಯದ ಮೊದಲ ಮೆಟ್ಟಿಲು.