ಚಳಿಗಾಲದಲ್ಲೇ ಮಳೆಗಾಲದ ಯೋಚನೆ

ಮಂಗಳೂರು ದಕ್ಕೆಯಲ್ಲಿ ಬಂಗುಡೆಯ ಬುಟ್ಟಿಗಳು ಸಾಲಾಗಿ ಇಳಿಯುವಾಗ ಮಳೆಗಾಲದ ಮಾತು ಯಾರಿಗೂ ರುಚಿಸುವುದಿಲ್ಲ. ಎಡವುವುದು ಅಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟುಗಳಿಗೆ ಕಡಲು ಬಂದ್. ಆ ದಿನಗಳ ಖರ್ಚನ್ನು ಈಗಿನ ಪಾಲಿನಿಂದಲೇ ವಾರವಾರ ತೆಗೆದಿಡಿ. ಮೀನುಗಾರಿಕೆ ನಿಷೇಧದ ಈ ದಿನಗಳಿಗೆಂದೇ ಇರುವ ಉಳಿತಾಯ-ಪರಿಹಾರ ಯೋಜನೆಗೆ ನಿಮ್ಮ ವಂತಿಗೆಯನ್ನು ಗಡುವಿನೊಳಗೆ ಕಟ್ಟಿಬಿಡಿ.

ಬೋಟಿನ ತಳದಲ್ಲಿ ಎಲ್ಲಿ ನೀರು ಜಿನುಗುತ್ತದೆ, ವಿಂಚಿನ ರೋಪು ಎಲ್ಲಿ ಎಳೆ ಬಿಟ್ಟಿದೆ ಎಂದು ಕಂಡ ದಿನವೇ ಬರೆದಿಡಿ. ಜುಲೈ ಕೊನೆಗೆ ಹುಡುಕಿದರೆ ಬಡಗಿಯೂ ಮೆಕ್ಯಾನಿಕ್ಕೂ ಬೇರೆಯವರ ಬೋಟಿನಲ್ಲಿರುತ್ತಾರೆ. ವಿಮೆ, ಪರವಾನಗಿಯ ಅವಧಿಯನ್ನೂ ನೋಡಿಕೊಳ್ಳಿ. ಮೀನು ಚೆನ್ನಾಗಿ ಬಿತ್ತೆಂದು ಹೊಸ ಸಾಲಕ್ಕೆ ಕೈಹಾಕುವ ಮೊದಲು ಹಳೆಯದನ್ನು ತೀರಿಸಿ. ಆಗಸ್ಟಿನಲ್ಲಿ ಅಳಿವೆ ದಾಟುವ ಮೊದಲ ಸಾಲಿನಲ್ಲಿ ನೀವಿರಬೇಕಾದರೆ ತಯಾರಿ ಜನವರಿಯಲ್ಲೇ ಶುರುವಾಗಲಿ.